ಕೊಳ್ಳುವ ಮೊದಲು ಕೂತು ಟೈಪ್ ಮಾಡಲು ಬಿಡಿ

ಸಂಪಾದಕರಿಗೆ ನಮಸ್ಕಾರ,

ಕಾಲೇಜು ಶುರುವಾಗುವ ಹೊತ್ತು ಇದು. ಪತ್ರಿಕೆ ಬಿಡಿಸಿದರೆ ಲ್ಯಾಪ್‌ಟಾಪ್ ಜಾಹೀರಾತು. ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು, ಯಾವ ಪ್ರೊಸೆಸರ್, ತಿಂಗಳ ಕಂತು ಎಷ್ಟು, ಬ್ಯಾಗ್ ಉಚಿತವೋ ಅಲ್ಲವೋ, ಎಲ್ಲವೂ ದಪ್ಪಕ್ಷರದಲ್ಲಿ ಇರುತ್ತದೆ. ಕೀಬೋರ್ಡಿನ ಬಗ್ಗೆ ಒಂದು ಮಾತೂ ಇರುವುದಿಲ್ಲ. ಅಂಗಡಿಗೆ ಹೋದರೂ ಎಷ್ಟೋ ಕಡೆ ಅದನ್ನು ಒತ್ತಿ ನೋಡಲು ಬಿಡುವುದಿಲ್ಲ. ಅದಕ್ಕಾಗಿಯೇ ಈ ಕಾಗದ.

ಸಾಗರದಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಕನ್ನಡ ಟೈಪ್ ಮಾಡುವುದೇ ಕೆಲಸ. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್, ಬಗರ್ ಹುಕುಂ ಅರ್ಜಿ, ಮದುವೆ ಕಾಗದ, ಸೊಸೈಟಿಯ ವಾರ್ಷಿಕ ವರದಿ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕನ್ನಡ ಜೂನಿಯರ್, ಸೀನಿಯರ್ ಎರಡೂ ಮುಗಿಸಿ ಆಮೇಲೆ ಕಂಪ್ಯೂಟರಿಗೆ ಬಂದವಳು ನಾನು. ಮೊದಲು ಬರಹ, ಆಮೇಲೆ ನುಡಿ, ಎರಡೂ ಕನ್ನಡ ಟೈಪ್ ಮಾಡುವ ತಂತ್ರಾಂಶಗಳು. ನುಡಿಯಲ್ಲೇ ಇಪ್ಪತ್ತು ವರ್ಷ ದಾಟಿತು.

ಎರಡು ವರ್ಷದ ಹಿಂದಿನವರೆಗೂ ನನಗೆ ಡೆಸ್ಕ್‌ಟಾಪೇ ಸಾಕಾಗಿತ್ತು. ಆದರೆ ನಮ್ಮ ಕಡೆ ಮಳೆಗಾಲ ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಜೂನ್ ಕಳೆದು ಜುಲೈ ಬಂತೆಂದರೆ ಎಲ್ಲೋ ಮರ ಬಿದ್ದು ಕರೆಂಟು ಹೋಗುತ್ತದೆ. ಯುಪಿಎಸ್ ಹತ್ತು ನಿಮಿಷಕ್ಕೆ ಕೂಗಲು ಶುರು ಮಾಡುತ್ತದೆ. ಎದುರಿಗೆ ಕಕ್ಷಿದಾರರು ಛತ್ರಿಯಿಂದ ನೀರು ಸುರಿಸಿಕೊಂಡು ನಿಂತಿರುತ್ತಾರೆ. ಮಧ್ಯಾಹ್ನದೊಳಗೆ ಪತ್ರ ನೋಂದಣಿ ಆಗಬೇಕಿರುತ್ತದೆ. ಹಾಗಾಗಿ ಒಂದು ಲ್ಯಾಪ್‌ಟಾಪ್ ಬೇಕೇ ಬೇಕು ಅನ್ನಿಸಿತು. ಕೂಡಿಟ್ಟ ದುಡ್ಡಿಗೆ ಮಳೆಗಾಲಕ್ಕಿಂತ ಮೊದಲೇ ಒಂದು ದಾರಿ ಮಾಡೋಣವೆಂದು ಶಿವಮೊಗ್ಗಕ್ಕೆ ಹೋದೆ. ಸಾಗರದಿಂದ ಸುಮಾರು 70 ಕಿಲೋಮೀಟರ್. ಆನಂದಪುರ, ಕುಂಸಿ, ಆಯನೂರು ದಾಟಿ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಯಾವುದು ತಗೊಳ್ಳಲಿ ಅನ್ನುವುದೇ ಯೋಚನೆ.

ದೊಡ್ಡ ಅಂಗಡಿ. ಹೆಸರು ಹೇಳುವುದಿಲ್ಲ, ಅವರೊಬ್ಬರ ಮೇಲೆ ದೂರು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ಸಾಲಾಗಿ ಲ್ಯಾಪ್‌ಟಾಪ್ ಇಟ್ಟಿದ್ದರು. ಎಲ್ಲದರ ಪರದೆಯ ಮೇಲೂ ಬಣ್ಣಬಣ್ಣದ ಮೀನು, ಹಿಮದ ಬೆಟ್ಟ ಓಡುತ್ತಿದ್ದವು. ಒಂದು ಕೀ ಒತ್ತಿದೆ. ಪಾಸ್‌ವರ್ಡ್ ಕೇಳಿತು. ತೆಗೆದುಕೊಡಿ, ಸ್ವಲ್ಪ ಟೈಪ್ ಮಾಡಿ ನೋಡುತ್ತೇನೆ ಅಂದೆ. ಅದು ಮ್ಯಾನೇಜರ್ ಹತ್ತಿರ ಇದೆ ಅಂದರು. ಮ್ಯಾನೇಜರ್ ಊಟಕ್ಕೆ ಹೋಗಿದ್ದರು. "ಎಲ್ಲಾ ಕೀಬೋರ್ಡೂ ಒಂದೇ ಮೇಡಂ, ಒಳಗಿನ ಕಾನ್ಫಿಗರೇಶನ್ ನೋಡಿ ತಗೊಳ್ಳಿ" ಅಂದರು. ನಾನೂ ಕೊನೇ ಬಸ್ಸಿನ ಗಡಿಬಿಡಿಯಲ್ಲಿ ಒಪ್ಪಿಕೊಂಡೆ. 47,000 ರೂಪಾಯಿ ಕೊಟ್ಟು ಸೀಲ್ ಆದ ಡಬ್ಬಿ ಎತ್ತಿಕೊಂಡು ಬಂದೆ. ನಾನು ಪುಟಕ್ಕೆ 30 ರೂಪಾಯಿ ತಗೊಳ್ಳುವವಳು. ಲೆಕ್ಕ ಹಾಕಿದರೆ ಸಾವಿರದ ಐನೂರಕ್ಕೂ ಜಾಸ್ತಿ ಪುಟ ಟೈಪ್ ಮಾಡಿದ ದುಡ್ಡು ಅದು.

ಮನೆಗೆ ಬಂದು ನುಡಿ ಹಾಕಿಕೊಂಡು ಮೊದಲ ಕ್ರಯಪತ್ರ ಟೈಪ್ ಮಾಡಿದೆ. ತಲೆಬರಹದಲ್ಲೇ "ಕರಯಪತರ" ಎಂದು ಬಿತ್ತು. ಅಳಿಸಿ ಮತ್ತೆ ಹೊಡೆದೆ. ಈ ಸಲ "ಕ್ರಯಪತರ".

ಕನ್ನಡ ಟೈಪಿಂಗ್ ಗೊತ್ತಿಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನುಡಿಯಲ್ಲಿ ನಾವು ಬಳಸುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಇಡೀ ಕನ್ನಡ ವರ್ಣಮಾಲೆಯನ್ನು ಅವರು ಇಂಗ್ಲಿಷಿನ 26 ಅಕ್ಷರದ ಕೀಗಳಲ್ಲೇ ಕೂರಿಸಿದ್ದಾರೆ. ಅದು ಎಷ್ಟು ಚೆನ್ನಾಗಿದೆ ಅಂತ ದಿನಾ ಬಳಸುವವರಿಗೇ ಗೊತ್ತು. ಆದರೆ 26 ಕೀಗಳಲ್ಲಿ ಎಲ್ಲವೂ ಬರಬೇಕೆಂದರೆ ಎರಡು ಕೀಗಳ ಮೇಲೆ ಭಾರ ಬೀಳುತ್ತದೆ. ಒಂದು ಶಿಫ್ಟ್. ದೀರ್ಘ, ಮಹಾಪ್ರಾಣ, ಅನುಸ್ವಾರ, ಎಲ್ಲಕ್ಕೂ ಶಿಫ್ಟ್ ಬೇಕು. ಇನ್ನೊಂದು ಎಫ್. ಅಕ್ಷರವನ್ನು ಅರ್ಧ ಮಾಡುವುದು, ಒತ್ತು ಕೊಡುವುದು ಎಫ್ ಕೀ. ಕ್ರಯಪತ್ರ ಅನ್ನಲು ಎಫ್ ಎರಡು ಸಲ ಒತ್ತಬೇಕು. ಸ್ವಾತಂತ್ರ್ಯ ಅನ್ನಲು ಮೂರು ಸಲ. ಎಸ್, ಎಫ್, ವಿ, ಶಿಫ್ಟ್ ಹಿಡಿದು ಎ, ಟಿ, ಶಿಫ್ಟ್ ಹಿಡಿದು ಎಂ, ಟಿ, ಎಫ್, ಆರ್, ಎಫ್, ವೈ. ಒಂದು ಎಫ್ ತಪ್ಪಿದರೂ ಒತ್ತು ಕಳಚಿ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ.

ನನ್ನ ಹಳೆಯ ಡೆಸ್ಕ್‌ಟಾಪ್ ಕೀಬೋರ್ಡನ್ನು ಒಮ್ಮೆ ನೋಡಬೇಕು ನೀವು. ಉಳಿದ ಅಕ್ಷರಗಳು ಮಾಸಿವೆ, ಆದರೆ ಓದಲು ಬರುತ್ತವೆ. ಎಫ್ ಪೂರ್ತಿ ಅಳಿಸಿಹೋಗಿದೆ. ಬೆರಳು ಇಡಲು ಗುರುತಿಗಾಗಿ ಆ ಕೀ ಮೇಲೊಂದು ಸಣ್ಣ ಗೆರೆ ಉಬ್ಬಿರುತ್ತದಲ್ವಾ, ಅದೂ ಸವೆದು ನುಣ್ಣಗಾಗಿದೆ. ಎಡಗೈ ತೋರುಬೆರಳಿನ ಅಗಲಕ್ಕೆ ಒಂದು ಸಣ್ಣ ತಗ್ಗು ಬಿದ್ದು ಬೆಳಕಿಗೆ ಹೊಳೆಯುತ್ತದೆ. ಜೆ ಕೀ ಮೇಲಿನ ಗೆರೆ ಇನ್ನೂ ಹಾಗೇ ಇದೆ. ಕನ್ನಡ ಟೈಪ್ ಮಾಡುವವರ ಕೀಬೋರ್ಡ್ ಹೀಗೆ ಸವೆಯುತ್ತದೆ. ಇಂಗ್ಲಿಷಿನವರದು ಹೀಗೆ ಸವೆಯುವುದಿಲ್ಲ.

ಹೊಸ ಲ್ಯಾಪ್‌ಟಾಪಿನ ಎಫ್ ಕೀ ಕೆಟ್ಟಿರಲಿಲ್ಲ. ಸ್ವಲ್ಪ ಗಟ್ಟಿ, ಅಷ್ಟೇ. ನಡುವೆ ಒತ್ತಿದರೆ ಸರಿಯಾಗಿ ಬೀಳುತ್ತಿತ್ತು. ಬೆರಳು ಓಡುವಾಗ ಅಂಚಿಗೆ ತಾಗಿದರೆ ಬೀಳುತ್ತಿರಲಿಲ್ಲ. ಬಲಗಡೆಯ ಶಿಫ್ಟ್ ಅಂತೂ ಅರ್ಧಕ್ಕೆ ಕತ್ತರಿಸಿದ ಹಾಗಿತ್ತು. ಅದರ ಪಕ್ಕಕ್ಕೆ ಮೇಲಿನ ಬಾಣದ ಕೀ ತುರುಕಿದ್ದರು. ಬೆರಳು ನೋಡದೆ ಟೈಪ್ ಮಾಡುವವರು ಎಡಗೈ ಅಕ್ಷರಕ್ಕೆ ಬಲಗಡೆ ಶಿಫ್ಟ್ ಹಿಡಿಯುತ್ತಾರೆ. 'ಆ'ಕಾರದ ದೀರ್ಘ ಬೇಕೆಂದು ಕಿರುಬೆರಳು ಚಾಚಿದರೆ ಬಾಣ ಒತ್ತಿಹೋಗಿ ಕರ್ಸರ್ ಮೇಲಿನ ಸಾಲಿಗೆ ಹಾರುತ್ತಿತ್ತು. ಸರ್ವೆ ನಂಬರಿನ ಸಾಲಿನಲ್ಲಿ ಬರಬೇಕಾದ ಅಕ್ಷರ ಜಾಗದ ಗಡಿ ಹೇಳುವ ಚೆಕ್ಕುಬಂದಿಯ ಸಾಲಿನಲ್ಲಿ ಹೋಗಿ ಕೂರುತ್ತಿತ್ತು. ಭೂಮಿಯ ಕಾಗದ ಅದು. ಒಂದು ಅಕ್ಷರ ಆಚೀಚೆ ಆದರೆ ತಿದ್ದುಪಡಿ ಪತ್ರ ಮಾಡಿಸಲು ಜನ ಮತ್ತೆ ಓಡಾಡಬೇಕು. ಒಂದೊಂದು ಪುಟವನ್ನೂ ಮೂರು ಸಲ ಓದತೊಡಗಿದೆ. ದಿನಕ್ಕೆ ಆಗುವ ಕೆಲಸ ಅರ್ಧಕ್ಕೆ ಇಳಿಯಿತು.

ನಾಲ್ಕನೇ ದಿನ ವಾಪಸ್ ತಗೊಂಡು ಹೋದೆ. ಸೀಲ್ ಒಡೆದ ಮೇಲೆ ನಾವೇನೂ ಮಾಡಲು ಬರುವುದಿಲ್ಲ, ಸರ್ವಿಸ್ ಸೆಂಟರಿಗೆ ಹೋಗಿ ಅಂದರು. ಅಲ್ಲಿ ಒಂದು ಪ್ರೋಗ್ರಾಂ ಹಾಕಿ ಒಂದೊಂದೇ ಕೀ ಒತ್ತಿದರು. ಒತ್ತಿದ ಕೀ ಪರದೆಯಲ್ಲಿ ಹಸಿರಾಗುತ್ತದೆ. ಎಫ್ ಕೂಡ ಹಸಿರಾಯಿತು. "ನೋಡಿ ಮೇಡಂ, ಎಲ್ಲಾ ಸರಿ ಇದೆ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ನಿಧಾನವಾಗಿ, ನಡುವೆ, ಒಂದು ಸಲ ಒತ್ತಿದರೆ ಅದು ಸರಿಯೇ ಇತ್ತು.

ಆಮೇಲೆ ನಮ್ಮ ವಕೀಲರೊಬ್ಬರನ್ನು ಕೇಳಿ ತಿಳಿದುಕೊಂಡೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈಯಿಂದ ಜಾರಿಯಲ್ಲಿದೆ. ದೋಷ ಇರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಬಿಲ್ಲಿನಲ್ಲಿ ಏನೂ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನ್ಯಾಯದ ವ್ಯಾಪಾರ ಪದ್ಧತಿ ಎಂದು ಅದರಲ್ಲಿ ಬರೆದಿದೆ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವೂ ಇಲ್ಲ. ಇದನ್ನೆಲ್ಲ ಓದುಗರು ನೆನಪಿಟ್ಟುಕೊಳ್ಳಲಿ ಅಂತ ಬರೆಯುತ್ತಿದ್ದೇನೆ, ಬೇರೆಯವರಿಗೆ ಉಪಯೋಗಕ್ಕೆ ಬರುತ್ತದೆ. ಆದರೆ ನನ್ನ ಕೇಸಿನಲ್ಲಿ ದೋಷ ಎಲ್ಲಿದೆ? ಶಿಫ್ಟ್ ಕೀ ಸಣ್ಣದಿದ್ದರೆ ಅದು ದೋಷವಲ್ಲ, ಅದರ ಅಳತೆಯೇ ಅಷ್ಟು. ಆ ಲ್ಯಾಪ್‌ಟಾಪ್ ಕೆಟ್ಟದ್ದೂ ಅಲ್ಲ. ನನ್ನ ಕೈಗೆ, ನನ್ನ ಭಾಷೆಗೆ ಹೊಂದಲಿಲ್ಲ. ಇದಕ್ಕೆ ವಾರಂಟಿಯೂ ಇಲ್ಲ, ಕಾನೂನೂ ಇಲ್ಲ. ಕೊಳ್ಳುವ ಮೊದಲು ಹತ್ತು ನಿಮಿಷ ಕೂತು ಟೈಪ್ ಮಾಡಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಬೇರೆ ಯಾವ ದಾರಿಯಲ್ಲೂ ಗೊತ್ತಾಗುವ ಸಂಗತಿ ಅಲ್ಲ ಅದು.

ಐನೂರು ರೂಪಾಯಿ ಕೊಟ್ಟು ಬೇರೆ ಕೀಬೋರ್ಡ್ ಸಿಕ್ಕಿಸಿಕೊಳ್ಳಿ ಅಂತ ತುಂಬಾ ಜನ ಹೇಳಿದರು. ಸಿಕ್ಕಿಸಿಕೊಂಡೆ. ಅಂಗಡಿಯಲ್ಲಿ ಹಾಗೇ ನಡೆಯುತ್ತಿದೆ. ಆದರೆ ಹಾಸಿಗೆ ಹಿಡಿದ ಹಿರಿಯರ ಮನೆಗೆ ಹೋಗಿ ಉಯಿಲು ಬರೆದುಕೊಡಬೇಕಾಗುತ್ತದೆ. ಅಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅದರ ಮೇಲೊಂದು ಕೀಬೋರ್ಡ್ ಇಟ್ಟುಕೊಂಡು ಎಷ್ಟು ಹೊತ್ತು ಕೂರಲಿ?

ಈ ವರ್ಷ ಮಗಳು ಎಂಜಿನಿಯರಿಂಗ್ ಸೇರುತ್ತಿದ್ದಾಳೆ. ಅವಳಿಗೊಂದು ಲ್ಯಾಪ್‌ಟಾಪ್ ಬೇಕು. ಆನ್‌ಲೈನಿನಲ್ಲೇ ತರಿಸೋಣ ಅಂದಳು. ಬೇಡ, ಮುಟ್ಟಿ ನೋಡದೆ ತಗೊಳ್ಳುವುದಿಲ್ಲ ಅಂದೆ. ಮತ್ತೆ ಶಿವಮೊಗ್ಗಕ್ಕೆ ಹೋದೆವು. ಈ ಸಲ ಬೆಳಗ್ಗೆ ಮೊದಲ ಬಸ್ಸಿಗೇ ಹೊರಟೆವು.

ಮೊದಲು ಹೊಕ್ಕ ಅಂಗಡಿಯಲ್ಲಿ ಒಂದು ಲ್ಯಾಪ್‌ಟಾಪ್ ತೆರೆದಿತ್ತು, ಪಾಸ್‌ವರ್ಡ್ ಇರಲಿಲ್ಲ. ನುಡಿ ಹಾಕಲು ಬಿಡುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ನೋಟ್‌ಪ್ಯಾಡ್ ತೆರೆದು ಕನ್ನಡದ ಬೆರಳಿನಲ್ಲೇ ಟೈಪ್ ಮಾಡಿದೆ. ಕ್ರಯಪತ್ರ, ಸ್ವಾತಂತ್ರ್ಯ, ಪಿತ್ರಾರ್ಜಿತ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಅರ್ಥವಿಲ್ಲದೆ ಸಾಲಾಗಿ ಬೀಳುತ್ತವೆ. ಆದರೆ ಎಫ್ ಎಲ್ಲೆಲ್ಲಿ ಇರಬೇಕು, ದೊಡ್ಡಕ್ಷರ ಎಲ್ಲೆಲ್ಲಿ ಬರಬೇಕು ಅಂತ ನನಗೆ ಗೊತ್ತಾಗುತ್ತದೆ. ಅಲ್ಲಿದ್ದ ಹುಡುಗ ಬಂದು ನೋಡಿ, "ಮೇಡಂ, ಸುಮ್ನೆ ಏನೇನೋ ಒತ್ತಬೇಡಿ, ಡಿಸ್‌ಪ್ಲೇ ಪೀಸು" ಅಂದ. ನಾನು ಕನ್ನಡ ಟೈಪ್ ಮಾಡುತ್ತಿದ್ದೇನೆ ಅಂತ ಹೇಳಿದೆ. ಇದು ಕನ್ನಡವಾ ಅಂತ ಕೇಳಿ, ಮುಚ್ಚಳ ಮುಚ್ಚಿಬಿಟ್ಟ. ಅವನ ತಪ್ಪು ಅನ್ನುವುದಿಲ್ಲ. ಮುಟ್ಟಲು ಬಿಡಬೇಡ ಅಂತ ಯಾರೋ ಹೇಳಿರುತ್ತಾರೆ. ಹಾಳಾದರೆ ಅವನ ತಲೆಗೇ ಬರುತ್ತದೇನೋ. ಆದರೂ ಹೊಟ್ಟೆಯಲ್ಲಿ ಸಂಕಟವಾಯಿತು. ಇಪ್ಪತ್ತು ವರ್ಷದಿಂದ ಇದೇ ಅನ್ನ ಕೊಟ್ಟ ಕೆಲಸ. ನಮ್ಮ ಊರಿನಲ್ಲಿ, ನಮ್ಮ ಭಾಷೆಯಲ್ಲಿ, ದುಡ್ಡು ಕೊಟ್ಟು ತಗೊಳ್ಳುವ ಸಾಮಾನನ್ನು ಒತ್ತಿ ನೋಡಿದರೆ ಅದು ಏನೇನೋ ಒತ್ತಿದಂತೆ ಕಾಣುತ್ತದೆ.

ಎರಡನೆಯದು ಚಿಕ್ಕ ಅಂಗಡಿ. ಅದರ ಯಜಮಾನರು ನಾವು ಕೇಳುವ ಮೊದಲೇ ಪ್ಲಾಸ್ಟಿಕ್ ಸ್ಟೂಲ್ ಎಳೆದುಕೊಟ್ಟರು. ನಿಂತು ಒತ್ತಿದರೆ ಏನೂ ಗೊತ್ತಾಗುವುದಿಲ್ಲ, ಕೂತು ನೋಡಿ ಅಂದರು. ಈ ಒಂದು ಮಾತಿಗೇ ನನಗೆ ಸಮಾಧಾನವಾಯಿತು. ನಿಜ ಅಲ್ವಾ? ಕೌಂಟರ್ ಎದೆಮಟ್ಟಕ್ಕೆ ಇರುತ್ತದೆ. ನಿಂತು ಮೇಲಿನಿಂದ ಕೈ ಇಟ್ಟರೆ ಮಣಿಕಟ್ಟು ಎಲ್ಲಿ ಬರುತ್ತದೆ, ಅಂಗೈಗೆ ಅಂಚು ಒತ್ತುತ್ತದಾ ಅನ್ನುವುದು ಹೇಗೆ ತಿಳಿಯಬೇಕು?

ಅಲ್ಲಿ ಮುಕ್ಕಾಲು ಗಂಟೆ ಕೂತೆವು. ನಾನು ಟೈಪ್ ಮಾಡುವುದನ್ನು ನೋಡಿ ಇದೇನು ಅಂತ ಅವರೂ ಕೇಳಿದರು. ವಿವರಿಸಿದೆ. ತಮ್ಮ ಫೋನಿನಿಂದ ಇಂಟರ್ನೆಟ್ ಕೊಟ್ಟು ನಿಮ್ಮ ಪತ್ರಿಕೆಯ ಜಾಲತಾಣ ತೆರೆದು, ಅಕ್ಷರ ಹೇಗೆ ಕಾಣುತ್ತದೆ ನೋಡಿ ಅಂದರು. ಇದು ನನಗೆ ಹೊಳೆದಿರಲಿಲ್ಲ. ಥ, ಧ, ಢ ಮೂರನ್ನೂ ಹುಡುಕಿ ನೋಡಿದೆ. ಥದ ಹೊಟ್ಟೆಯೊಳಗೆ ಒಂದು ಚುಕ್ಕೆ, ಧದ ಕೆಳಗೆ ಒಂದು ಸೀಳು, ಅಷ್ಟರಲ್ಲೇ ಅಕ್ಷರ ಬದಲಾಗುತ್ತದೆ. 1366 ಇಂಟು 768 ಅಂತ ಬರೆದ ಒಂದು ಅಗ್ಗದ ಪರದೆಯಲ್ಲಿ ಚುಕ್ಕೆ, ಸೀಳು ಎರಡೂ ಮಸುಕಾಗಿ ಸೇರಿಕೊಂಡಿದ್ದವು. ಪಕ್ಕದ 1920 ಇಂಟು 1080ರದರಲ್ಲಿ ಬಿಡಿಸಿ ಕಂಡವು. ಇಂಗ್ಲಿಷ್ ಅಕ್ಷರ ಎರಡರಲ್ಲೂ ಒಂದೇ ತರ ಚೆನ್ನಾಗಿ ಕಾಣುತ್ತಿತ್ತು. ಹಿಮದ ಬೆಟ್ಟದ ವಿಡಿಯೊ ಓಡಿಸಿದರಂತೂ ವ್ಯತ್ಯಾಸವೇ ತಿಳಿಯುವುದಿಲ್ಲ. ಪರದೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ನೋಡಿ ಅಂತಲೂ ಹೇಳಿದರು. ಒಂದರಲ್ಲಿ ಬಣ್ಣವೆಲ್ಲ ಕಪ್ಪಿಟ್ಟಿತು, ಇನ್ನೊಂದರಲ್ಲಿ ಹಾಗೇ ಉಳಿಯಿತು. ಒಂದೇ ಹೆಸರಿನ ಲ್ಯಾಪ್‌ಟಾಪಿನಲ್ಲೂ ಬೇರೆ ಬೇರೆ ಪರದೆ ಇರುತ್ತದಂತೆ. ಡಬ್ಬಿಯ ಮೇಲಿನ ಪೂರ್ತಿ ಮಾಡೆಲ್ ನಂಬರನ್ನು, ಕೊನೆಯ ಅಕ್ಷರದವರೆಗೂ, ನೋಡಿದ ಪೀಸಿನ ಜತೆ ಹೋಲಿಸಿಕೊಳ್ಳಬೇಕು ಅಂದರು.

ಮಗಳು ನೋಡಿದ್ದೇ ಬೇರೆ. ಅವಳಿಗೆ ಕನ್ನಡ ಟೈಪಿಂಗಿಗಿಂತ ಪ್ರೋಗ್ರಾಮಿಂಗ್ ಜಾಸ್ತಿ. ಬ್ರಾಕೆಟ್, ಅರ್ಧವಿರಾಮ, ಬಾಣದ ಕೀಗಳನ್ನು ಒತ್ತಿ ನೋಡಿದಳು. ಬಲಗಡೆ ಅಂಕಿಗಳ ಕೀ ಇರುವ ದೊಡ್ಡ ಲ್ಯಾಪ್‌ಟಾಪ್ ನನಗೆ ಇಷ್ಟವಾಯಿತು, ಹಣದ ಮೊತ್ತ ಹೊಡೆಯಲು ಸುಲಭ. ಅವಳಿಗೆ ಆಗಲಿಲ್ಲ. ಅಕ್ಷರದ ಕೀಗಳು ಎಡಕ್ಕೆ ಸರಿದು ಕೂತಿರುತ್ತವೆ, ಕೈ ಓರೆಯಾಗುತ್ತದೆ ಅಂದಳು. ಒಂದೇ ಮನೆಯ ಇಬ್ಬರಿಗೇ ಒಂದು ಕೀಬೋರ್ಡ್ ಹೊಂದುವುದಿಲ್ಲ. ಎಲ್ಲಾ ಕೀಬೋರ್ಡೂ ಒಂದೇ ಅನ್ನುವುದು ಹೇಗೆ?

ಕೊನೆಗೆ ಅವಳು ಆರಿಸಿದ್ದನ್ನೇ ತಗೊಂಡೆವು. ಬಿಲ್ ಮಾಡುವ ಮೊದಲು ಡಬ್ಬಿ ನಮ್ಮೆದುರೇ ಒಡೆದರು. ಅದೇ ಪೀಸಿನಲ್ಲಿ ಮತ್ತೆ ಟೈಪ್ ಮಾಡಿಸಿದರು. ಬ್ಯಾಟರಿ ರಿಪೋರ್ಟ್ ತೆಗೆದು ಇದು ಮೊದಲು ಯಾರೂ ಬಳಸಿದ್ದಲ್ಲ ಅಂತ ತೋರಿಸಿದರು. ಆನ್‌ಲೈನಿಗಿಂತ 1,200 ರೂಪಾಯಿ ಜಾಸ್ತಿ ಆಯಿತು. ಸಂತೋಷವಾಗಿ ಕೊಟ್ಟೆ.

ಅವರ ಕಷ್ಟವನ್ನೂ ಹೇಳಬೇಕು. ಬಂದವರು ಗಂಟೆಗಟ್ಟಲೆ ಎಲ್ಲ ಮುಟ್ಟಿ ನೋಡುತ್ತಾರೆ, ಮಾಡೆಲ್ ನಂಬರ್ ಫೋಟೊ ಹೊಡೆದುಕೊಂಡು ಹೋಗಿ ಆನ್‌ಲೈನಿನಲ್ಲಿ ತರಿಸುತ್ತಾರೆ. ಒಡೆದ ಡಬ್ಬಿಯನ್ನು ಮುಂದಿನವರು ಹೊಸದು ಅಂತ ಒಪ್ಪುವುದಿಲ್ಲ. ಇದನ್ನು ಅವರು ಬೇಸರದಿಂದಲೇ ಹೇಳಿದರು. ನಾವು ಗಿರಾಕಿಗಳೂ ಇದನ್ನು ಯೋಚಿಸಬೇಕು. ಒಬ್ಬರ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂತು ತಿಳಿದುಕೊಂಡು, ನಾಲ್ಕು ಕಾಸು ಉಳಿಸಲು ಬೇರೆ ಕಡೆ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹಾಗೆಯೇ ಅಂಗಡಿಯವರಿಗೂ ಒಂದು ಮಾತು. ಮೊಬೈಲಿನಲ್ಲಿ ಕಡಿಮೆ ಬೆಲೆ ಸಿಗುತ್ತದೆ, ಮನೆಗೇ ಬರುತ್ತದೆ. ಅಲ್ಲಿ ಸಿಗದೇ ಇರುವುದು ಮುಟ್ಟಿ ನೋಡುವ ಅವಕಾಶ ಒಂದೇ. ಅದನ್ನೂ ಪಾಸ್‌ವರ್ಡ್ ಹಾಕಿ ಮುಚ್ಚಿಟ್ಟರೆ ನಾವು ಬಸ್ ಚಾರ್ಜ್ ಕೊಟ್ಟು ಯಾಕೆ ಬರಬೇಕು?

ನಮ್ಮೂರಿನ ಅಡಿಕೆ ಮಂಡಿಗೆ ಬಂದು ನೋಡಿ. ರಾಶಿಯೋ ಬೆಟ್ಟೆಯೋ ಸರಕೋ, ಯಾವ ಬಗೆಯ ಅಡಿಕೆಯೇ ಇರಲಿ. ಚೀಲಕ್ಕೆ ಕೈ ಹಾಕಿ ನಾಲ್ಕು ತೆಗೆದು, ಕತ್ತರಿಸಿ ಒಳಗಿನ ಬಣ್ಣ ನೋಡದೆ ಯಾರೂ ದರ ಹೇಳುವುದಿಲ್ಲ. ಬೆಳೆದವರೂ ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಆ ನಾಲ್ಕು ಅಡಿಕೆ ಹೋದದ್ದಕ್ಕೆ ಲೆಕ್ಕವೂ ಇಲ್ಲ. ಒಂದೊಂದು ಮಾಡೆಲಿನಲ್ಲಿ ಒಂದು ಪೀಸನ್ನು ಹಾಗೆ ತೆಗೆದಿಟ್ಟರೆ ಸಾಕು.

ಲ್ಯಾಪ್‌ಟಾಪ್ ಮಾರುವ ಎಲ್ಲರಲ್ಲೂ ನಿಮ್ಮ ಪತ್ರಿಕೆಯ ಮೂಲಕ ನಾನು ಕೇಳುವುದು ಇಷ್ಟೇ. ಡಿಸ್‌ಪ್ಲೇಗೆ ಇಟ್ಟದ್ದನ್ನು ತೆರೆದಿಡಿ. ಪಕ್ಕದಲ್ಲಿ ಒಂದು ಕುರ್ಚಿ ಇಡಿ. ಆ ಲ್ಯಾಪ್‌ಟಾಪಿನಲ್ಲಿ ಕನ್ನಡ ಕೀಬೋರ್ಡನ್ನು ಮೊದಲೇ ಸೇರಿಸಿಡಿ. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಭಾಷೆ ಅನ್ನುವಲ್ಲಿ ಹೋದರೆ ಕನ್ನಡ ಇದೆ. ಇಂಟರ್ನೆಟ್ ಇದ್ದರೆ ಸೇರಿಸಲು ಐದು ನಿಮಿಷ ಸಾಕು, ದುಡ್ಡು ಬೇಕಾಗಿಲ್ಲ. ನಮ್ಮಂಥವರಿಗಾಗಿ ನುಡಿಯನ್ನೂ ಹಾಕಿಟ್ಟರೆ ಇನ್ನೂ ಒಳ್ಳೆಯದು. ಹಣ ಕೊಟ್ಟವರ ಎದುರೇ ಡಬ್ಬಿ ಒಡೆದು ಹತ್ತು ನಿಮಿಷ ನೋಡಲು ಬಿಡಿ. ವಾಪಸಿನ ನಿಯಮ ಏನಿದೆಯೋ ಅದನ್ನು ಬಿಲ್ಲಿನ ಮೇಲೆ ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡದಾಗಿ ಹಾಕಿ. ಜಾಹೀರಾತು ಕೊಡುವಾಗ ಬ್ಯಾಗಿನ ಚಿತ್ರದ ಬದಲು ಕೀಬೋರ್ಡಿನದೊಂದು ಫೋಟೊ ಹಾಕಿದರೆ ಬಲಗಡೆ ಶಿಫ್ಟ್ ಎಷ್ಟುದ್ದ ಇದೆ ಅಂತ ನಾವು ಮನೆಯಲ್ಲೇ ನೋಡಿಕೊಳ್ಳುತ್ತೇವೆ.

ನಮ್ಮ ಬೀದಿಯಿಂದಲೇ ಈ ವರ್ಷ ನಾಲ್ಕೈದು ಮಕ್ಕಳು ಕಾಲೇಜಿಗೆ ಹೊರಡುತ್ತಿದ್ದಾರೆ. ಅದರಲ್ಲಿ ಇಬ್ಬರ ಮನೆಯವರು ಲ್ಯಾಪ್‌ಟಾಪ್ ನೋಡಲು ಜತೆಗೆ ಬನ್ನಿ ಅಂದಿದ್ದಾರೆ. ಬರುವ ಭಾನುವಾರ ಮೊದಲ ಬಸ್ಸಿಗೆ ಹೋಗುತ್ತಿದ್ದೇವೆ. ಆ ಎರಡನೇ ಅಂಗಡಿಗೇ.

ಇತಿ,
ಒಬ್ಬ ಕನ್ನಡ ಟೈಪಿಸ್ಟ್,
ಸಾಗರ, ಶಿವಮೊಗ್ಗ ಜಿಲ್ಲೆ